ಬಲಗಡೆಯ ಗೋಡೆ

"ಸ್ವಲ್ಪ ಈ ಬ್ಯಾಗ್ ಹಿಡ್ಕೊಳ್ರೀ" ಎಂದು ಅಂಬುಜಮ್ಮ ತಮ್ಮ ಕೆಂಪು ವ್ಯಾನಿಟಿ ಬ್ಯಾಗನ್ನು ಗಂಡನ ಕೈಗೆ ತುರುಕಿ, ಸಮುದ್ರದ ದಡದಲ್ಲೇ ಸೀರೆಯ ಪಿನ್ನು ತೆಗೆಯತೊಡಗಿದರು.

ಬದರೀನಾರಾಯಣರು ಗಾಬರಿಯಿಂದ ಸುತ್ತ ನೋಡಿದರು. ಗಾಂಧಿ ಬಜಾರಿನಲ್ಲಿ ಹೆಂಡತಿ ಹೂವು ಆರಿಸುವಾಗ ಇದೇ ಬ್ಯಾಗು ಕೈಗೆ ಬಂದರೆ, ಅದನ್ನು ಹೂವಿನವಳ ಹಲಗೆಯ ಮೇಲಿಟ್ಟು, ತಮ್ಮದಲ್ಲವೆಂಬಂತೆ ದೂರ ಹೋಗಿ ನಿಲ್ಲುವವರು ಅವರು. ಇಲ್ಲಿ ಹಲಗೆ ಇರಲಿಲ್ಲ. ಸಿಂಗಪುರದಿಂದ ಹೊರಟ ಪ್ರವಾಸದ ಹಡಗು ಬೆಳಿಗ್ಗೆ ಲಂಕಾವಿ ದ್ವೀಪಕ್ಕೆ ಬಂದು ನಿಂತಿತ್ತು. ಸಂಜೆಯವರೆಗೆ ಊರು ಸುತ್ತಲು ಬಿಡುವು. ಜೊತೆಗೆ ಬಂದಿದ್ದ ಬೆಂಗಳೂರಿನವರೆಲ್ಲ ಅಂಗಡಿ ಬೀದಿಗೆ ಬಸ್ಸು ಹತ್ತಿದ್ದರು.

"ಏನೇ ಇದು ಅಂಬುಜಾ? ಯಾರಾದ್ರೂ ನೋಡಿದ್ರೆ?"

"ನೋಡೋರೆಲ್ಲ ಶಾಪಿಂಗಿಗೆ ಹೋಗಿದಾರೆ. ಈಜೋ ಡ್ರೆಸ್ಸು ಒಳಗೇ ಹಾಕ್ಕೊಂಡು ಬಂದಿದೀನಿ."

ಅಲ್ಲಿ ಚಾಪೆ ಬಾಡಿಗೆಗೆ ಕೊಡುತ್ತಿದ್ದ, ತಲೆಗೆ ವಸ್ತ್ರ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ಕೇಳದೆಯೇ ಎದ್ದು ಬಂದಳು. ಒಂದು ಚಾಪೆಯನ್ನು ಬಿಡಿಸಿ ಮರೆಯಾಗಿ ಹಿಡಿದು, ತನ್ನ ಮುಖವನ್ನು ಆಚೆ ತಿರುಗಿಸಿಕೊಂಡಳು. ಸೀರೆ ಕಳಚಿದ ಮೇಲೆ ಅದರ ಒಂದು ಕೊನೆಯನ್ನು ತಾನು ಹಿಡಿದು ಇನ್ನೊಂದನ್ನು ಬದರೀನಾರಾಯಣರ ಕೈಗೆ ಕೊಟ್ಟಳು. ಜನ್ಮದಲ್ಲಿ ಸೀರೆ ಮಡಿಸದ ಮನುಷ್ಯ, ಅವಳು ಕಣ್ಣಲ್ಲಿ ತೋರಿಸಿದಂತೆ ಹಿಂದೆ ಮುಂದೆ ನಡೆದು ಮಡಿಸಿದರು. ಸೀರೆಯನ್ನು ಮರಳಿನ ಮೇಲಿಡದೆ ಅವಳು ತನ್ನ ಮಡಿಲಲ್ಲೇ ಇಟ್ಟುಕೊಂಡು ಕೂತಳು.

ಮಂಡಿನೋವಿಗೆ ನೀರಿನ ವ್ಯಾಯಾಮ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ ಅಂಬುಜಮ್ಮ ಬಸವನಗುಡಿಯ ಈಜುಕೊಳದಲ್ಲಿ ಬೆಳಗಿನ ಲೇಡೀಸ್ ಬ್ಯಾಚಿಗೆ ಸೇರಿದ್ದರು. "ದಿನ ಬಿಟ್ಟು ದಿನ ಕಾವೇರಿ ನೀರು ಬರೋ ಊರಲ್ಲಿ ಇವಳು ಈಜ್ತಾಳಂತೆ" ಎಂದು ಗಂಡ ಬಂದವರೆದುರೆಲ್ಲ ನಕ್ಕಿದ್ದರು. ಈಜು ಬಂತು. ಗೋಡೆ ಬಿಡುವುದು ಮಾತ್ರ ಬರಲಿಲ್ಲ. ಬಲಗೈಗೆ ಎಟುಕುವಂತೆ ಕೊಳದ ಗೋಡೆ ಇದ್ದರೆ ಮೀನಿನ ಹಾಗೆ ಹೋಗುವರು. ಇಲ್ಲದಿದ್ದರೆ ತಕ್ಷಣ ಕಾಲು ತಳಕ್ಕೆ. "ಗೋಡೆ ಬಿಡಿ ಅಂಬುಜಮ್ಮಾ, ಗೋಡೆ ಬಿಡಿ!" ಎಂದು ಕಲಿಸುವ ವಾಣಿ ಮೇಡಂ ದಿನವೂ ಕೂಗುವುದನ್ನು ಕೇಳಿ, ಬ್ಯಾಚಿನ ಹೆಂಗಸರು ಅವರಿಗೆ ಗೋಡೆ ಅಂಬುಜಮ್ಮ ಎಂದೇ ಹೆಸರಿಟ್ಟರು. ಹೊರಡುವ ಮುನ್ನ ಅಂಬುಜಮ್ಮ ಎಲ್ಲರಿಗೂ ಹೇಳಿ ಬಂದಿದ್ದರು: "ಸಮುದ್ರಕ್ಕೆ ಗೋಡೆ ಎಲ್ಲಿದೆ? ಅಲ್ಲೇ ಈಜ್ಕೊಂಡು ಬರ್ತೀನಿ, ನೋಡ್ತಿರಿ."

ದಡದಿಂದ ಸ್ವಲ್ಪ ದೂರದಲ್ಲಿ, ಈಜುವವರಿಗೆಂದು ಒಂದು ಮರದ ತೆಪ್ಪವನ್ನು ಲಂಗರು ಹಾಕಿ ನಿಲ್ಲಿಸಿದ್ದರು. ಅದರಾಚೆ ಕಾವಲಿನವನ ಪುಟ್ಟ ದೋಣಿ. "ಆ ತೆಪ್ಪ ಮುಟ್ಟಿ ಬಂದ್ಬಿಡ್ತೀನಿ" ಎಂದು ಕನ್ನಡಕವನ್ನೂ ಗಂಡನಿಗೆ ಕೊಟ್ಟು ಅಂಬುಜಮ್ಮ ನೀರಿಗಿಳಿದರು. ಎರಡು ಕೈ ಬೀಸುವಷ್ಟರಲ್ಲಿ ಬಲಗೈ ಗೋಡೆಯನ್ನು ಹುಡುಕಿತು. ಸಿಗಲಿಲ್ಲ. ಕಾಲು ತಳಕ್ಕಿಳಿಯಿತು, ಉಪ್ಪುನೀರು ಗಂಟಲಿಗೆ ಹೋಯಿತು. ಮತ್ತೊಮ್ಮೆ ಹೊರಟರು. ಮತ್ತೂ ಹಾಗೇ ಆಯಿತು. ಸೊಂಟದ ನೀರಿನಲ್ಲಿ ನಿಂತು ಕೆಮ್ಮಿದರು.

"ಆಗಲ್ಲ ಕಣ್ರೀ. ಕೈಗೆ ಏನೂ ಸಿಗಲ್ಲ. ಅಲೆ ಜಾಸ್ತಿ ಇತ್ತು, ಇಳಿಯೋಕೆ ಬಿಡಲಿಲ್ಲ ಅಂತ ಹೇಳಿದ್ರಾಯ್ತು ಬ್ಯಾಚಿನವರಿಗೆ."

ಸಮುದ್ರದಲ್ಲಿ ಅಲೆಯೇ ಇರಲಿಲ್ಲ. ಕಾವೇರಿ ನೀರಿನ ಮಾತು ಬದರೀನಾರಾಯಣರ ನಾಲಿಗೆಯ ತುದಿಗೆ ಬಂದಿತ್ತು. ಕನ್ನಡಕವಿಲ್ಲದ ಆ ಮುಖ ನೋಡಿ ನುಂಗಿಕೊಂಡರು. ಸಾಕ್ಸಿಗೆ ಮರಳು ಸೇರೀತೆಂದು ಬೆಳಗಿನಿಂದ ಬೂಟು ಬಿಚ್ಚದಿದ್ದವರು, ಬೂಟಿನ ಸಮೇತ ನೀರಿಗೆ ನಡೆದು ಬಂದರು.

"ನಿನ್ನ ಗೋಡೆ ಬಲಗಡೆ ತಾನೆ?"

"ರೀ, ಬೂಟು! ಪ್ಯಾಂಟು!"

"ಗೋಡೆಗೆ ಯಾವ ಪ್ಯಾಂಟು? ನೀನು ಈಜು."

ಅಂಬುಜಮ್ಮ ಈಜಿದರು. ಬಲಗೈ ಆಗಾಗ ಒದ್ದೆ ಷರಟಿಗೆ ತಾಗುತ್ತಿತ್ತು, ತಾಗಿದಾಗಲೆಲ್ಲ ಉಸಿರು ಹದಕ್ಕೆ ಬರುತ್ತಿತ್ತು. ರಸ್ತೆಯಲ್ಲಿ ಸದಾ ಮುಂದೆ ನಡೆಯುವ ಗಂಡ ಈಗ ಪಕ್ಕದಲ್ಲೇ, ಹೆಂಡತಿಯ ವೇಗಕ್ಕೆ ಸರಿಯಾಗಿ ನಡೆಯುತ್ತಿದ್ದರು. ನೀರು ಅವರ ಸೊಂಟಕ್ಕೆ ಬಂತು, ಎದೆಗೆ ಬಂತು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಕನ್ನಡಕ ಮೇಲೆತ್ತಿ ಹಿಡಿದರು. ಅವರಿಗೆ ಈಜು ಬಾರದು. ಕುತ್ತಿಗೆಯವರೆಗೆ ನೀರು ಬಂದಾಗ ನಿಂತರು.

ಬಲಗೈ ಬರೀ ನೀರಿಗೆ ಬಿತ್ತು. "ರೀ!" ಎಂದರು ಅಂಬುಜಮ್ಮ.

"ನನ್ನೆತ್ತರ ಇಷ್ಟೇ ಕಣೇ" ಎಂದರು ಬದರೀನಾರಾಯಣರು. ಆಮೇಲೆ, ಬಸವನಗುಡಿಯಲ್ಲಿ ಎಂದೂ ಎತ್ತದ ದನಿಯಲ್ಲಿ ಕೂಗಿದರು: "ಗೋಡೆ ಬಿಡೇ ಅಂಬುಜಾ! ಬಿಟ್ಬಿಡು!"

ಬಿಟ್ಟರು. ಕಾವಲಿನವನು ಆಕಾಶ ನೋಡುವವನಂತೆ ನಟಿಸುತ್ತ ದೋಣಿಯನ್ನು ಮೆಲ್ಲಗೆ ಹತ್ತಿರ ತಂದ, ಆದರೆ ಅದರ ಅಗತ್ಯ ಬೀಳಲಿಲ್ಲ. ಅಂಬುಜಮ್ಮನ ಕೈ ಪಾಚಿ ಹಿಡಿದ ಮರಕ್ಕೆ ಬಡಿಯಿತು.

ಏಣಿ ಹಿಡಿದು ತೆಪ್ಪದ ಮೇಲೆ ಹತ್ತಿ ನಿಂತು, "ಮುಟ್ಟಿದೆ ಕಣ್ರೀ!" ಎಂದು ಕಿರುಚಿ ಹಿಂದಿರುಗಿ ನೋಡಿದರು. ಕನ್ನಡಕವಿಲ್ಲದ ಕಣ್ಣಿಗೆ ಗಂಡ ಕಾಣಲಿಲ್ಲ. ನೀಲಿ ನೀರಿನ ಮೇಲೆ, ಇಡೀ ದಡಕ್ಕೆ ಕಾಣುವಷ್ಟು ಎತ್ತರದಲ್ಲಿ, ಒಂದು ಕೆಂಪು ವ್ಯಾನಿಟಿ ಬ್ಯಾಗು ಅತ್ತಿಂದಿತ್ತ ಹಾರಾಡುತ್ತಿತ್ತು.