ಸತ್ತವರ ಹಬ್ಬದ ಕೋಡುಬಳೆ

ನನ್ನಾಣೆಗೂ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಬಿಟ್ಟುಹೋದ ಹೆಂಡತಿಯನ್ನು ಹುಡುಕುತ್ತ ನಾನು ಮೆಕ್ಸಿಕೋ ತಲುಪಿದಾಗ ಅಲ್ಲಿ ಸತ್ತವರ ಹಬ್ಬ. ಅಂದು ಸತ್ತವರು ತಮ್ಮವರ ಮನೆಗೆ ಉಣ್ಣಲು ಬರುತ್ತಾರಂತೆ. ಬೀದಿಯುದ್ದಕ್ಕೂ ಅವಳ ಫೋಟೋ ತೋರಿಸಿ ಅಂಗಲಾಚಿದೆ. ಕೊನೆಗೆ ಒಬ್ಬ ಅಜ್ಜಿ ಕೈಹಿಡಿದು ಒಂದು ಮನೆಗೆ ಕರೆದೊಯ್ದಳು.

ಒಳಗೆ ಚೆಂಡುಹೂವಿನ ನಡುವೆ ನನ್ನದೇ ಫೋಟೋ. ಅದರ ಮುಂದೆ ಮೇಣದಬತ್ತಿ, ಕೋಡುಬಳೆ. ಪಕ್ಕದಲ್ಲಿ ಅವಳು.

"ಮನೆಗೆ ಬಾರೇ, ನೀನಿಲ್ದೆ ಸತ್ತ ಹಾಗಿದೀನಿ!"

ಅವಳು ಬೆಚ್ಚಲಿಲ್ಲ. ತಟ್ಟೆಯನ್ನು ನನ್ನತ್ತ ಸರಿಸಿದಳು.

"ಬಂದ್ರಾ? ಹೋದ್ವರ್ಷಾನೂ ಕಾದಿದ್ದೆ. ಬಿಸಿ ಇದೆ, ತಿನ್ನಿ."

"ಅಯ್ಯೋ, ನಾನು ಬದುಕೇ ಇದೀನಿ ಕಣೇ! ಬೇಕಾದ್ರೆ ಮುಟ್ಟಿ ನೋಡು, ನಾನು ನಿನ್ನ—"

"ತಿಂದು ಹೊರಟ್ಬಿಡಿ. ಇನ್ನು ಮುಂದಿನ ವರ್ಷ ಬನ್ನಿ," ಎಂದು ಅವಳು ಒಳಗೆ ನಡೆದಳು.