ಬಿಚ್ಚಿಟ್ಟಿದ್ದ ಗೇರ್‌ಬಾಕ್ಸ್

"ಮಂಗಳವಾರ ಸಂಜೆ ಈ ಕಾರು ಎಲ್ಲಿತ್ತು?" ಇನ್ಸ್‌ಪೆಕ್ಟರ್ ಕೇಳಿದರು.

ರಿಪೇರಿಗೆ ಬಿಟ್ಟಿದ್ದ ಹಳೇ ಕಾರನ್ನು ಒಯ್ಯಲು ಬಂದಿದ್ದ ವಿಶಾಲಾಕ್ಷಿ ಕಾರಿನ ಬಾಗಿಲಿನಿಂದ ಕೈ ತೆಗೆದಳು. ಕೆರೆ ಏರಿಯ ಮೇಲೆ ಒಬ್ಬ ಮುದುಕನಿಗೆ ಗುದ್ದಿ, ನಿಲ್ಲಿಸದೆ ಹೋದ ಕಾರು ಇಂಥದ್ದೇ ಅಂತೆ. ಅವಳದ್ದು ಆ ದಿನವೂ ಗ್ಯಾರೇಜಿನ ಮುಂದೆ ರಸ್ತೆಯಲ್ಲೇ ನಿಂತಿತ್ತು. ಇನ್ನೊಂದು ಕೀಲಿ ಇದ್ದದ್ದು ಮಗನ ಹತ್ತಿರ. ಅಮ್ಮನಷ್ಟೇ ಕುಳ್ಳ, ಅಮ್ಮನಿಗಿಂತ ದುಡುಕ. ಆ ಸಂಜೆ ಅವನು ಮನೆಯಲ್ಲಿರಲಿಲ್ಲ.

ಮೆಕ್ಯಾನಿಕ್ ತಗಡಿನ ಮಾಡಿಗೆ ತಲೆ ತಗುಲದಂತೆ ಬಗ್ಗಿ ಹೊರಬಂದ. "ಎಲ್ಲಿಗೆ ಹೋಗುತ್ತೆ ಸಾರ್? ಗೇರ್‌ಬಾಕ್ಸ್ ಇಳಿಸಿ ಈ ಮೇಜಿನ ಮೇಲೆ ಬಿಚ್ಚಿಟ್ಟಿದ್ದೆ. ವಾಪಸ್ ಕೂರಿಸಿದ್ದು ಬುಧವಾರ. ಅಲ್ಲೀತನಕ ಅದು ತಳ್ಳಿದ್ರೆ ಮಾತ್ರ ಹೋಗೋ ಗಾಡಿ."

"ಬರ್ಕೊಡ್ತೀಯಾ?"

"ಕೊಡ್ತೀನಿ ಸಾರ್."

ಕಾಗದ ಬರೆಸಿಕೊಂಡು ಜೀಪು ಹೊರಟಿತು. ಅವನು ಬರೆದುಕೊಟ್ಟದ್ದು ಸುಳ್ಳೆಂದು ವಿಶಾಲಾಕ್ಷಿಗೆ ಗೊತ್ತಿತ್ತು. "ಗೇರ್‌ಬಾಕ್ಸ್ ಕೂರಿಸಿ ಆಯ್ತು ಮೇಡಂ" ಎಂದು ಅವನೇ ಮಂಗಳವಾರ ಮಧ್ಯಾಹ್ನ ಫೋನ್ ಮಾಡಿದ್ದ.

ಅವಳು ಕೈ ಮುಗಿದಳು. "ನನ್ನ ಮಗನ್ನ ಉಳಿಸಿಬಿಟ್ರಿ ಅಣ್ಣಾ."

ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ, "ಹೋಗ್ಲಿ ಬಿಡಿ ಮೇಡಂ, ಹುಡುಗ್ರು. ಬೈಬೇಡಿ ಅವನಿಗೆ," ಅಂದ.

ಕಣ್ಣೊರೆಸಿಕೊಂಡು ಅವಳು ಕಾರು ಹತ್ತಿದಳು. ಕೀಲಿ ತಿರುಗಿಸಿ, ಗೇರಿನ ಮೇಲೆ ಕೈಯಿಟ್ಟು, ಎಡಗಾಲು ಚಾಚಿದಳು.

ಸೀಟು ಕೊನೆಯವರೆಗೂ ಹಿಂದಕ್ಕೆ ಸರಿದಿತ್ತು. ಅವಳ ಕಾಲು ಕ್ಲಚ್ಚಿಗೆ ಎಟುಕಲಿಲ್ಲ.