ಮಂಡಿಗೆ ಚುಚ್ಚಿದ ಗುಂಡುಸೂಜಿ

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರುಮನೆಯ ಬಾಗಿಲು ಎಲ್ಲಿದೆಯೆಂದು ನೆನಪಿನಿಂದಲೇ ಹೇಳಬೇಕಿತ್ತು. ಅಂಥ ಮಂಜಿನಲ್ಲೂ ಸೊಸೆ ದಾರ ಮುಗಿಯಿತೆಂದು ಚೀಲ ಹಿಡಿದು ಅಂಗಡಿಗೆ ಹೊರಟಳು. ಅವಳ ಚಪ್ಪಲಿಯ ಸದ್ದು ಬೀದಿಯ ತಿರುವಿನಲ್ಲಿ ಕರಗುವವರೆಗೂ ಅತ್ತೆ ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಳ್ಳುತ್ತ ಕೂತಿದ್ದಳು. ಕರಗಿದ ಮೇಲೆ ದೇವರನ್ನು ಅರ್ಧಕ್ಕೇ ನಿಲ್ಲಿಸಿ ಗೋಡೆ ಹಿಡಿದು ಎದ್ದಳು.

ಸೊಸೆ ಬೊಂಬೆ ಮಾಡುವವಳು. ಹರಿದ ಕಾಲುಚೀಲ, ಸವೆದ ಹೊದಿಕೆ, ಅಂಗಿಯಿಂದ ಉದುರಿದ ಗುಂಡಿ, ಎಲ್ಲವೂ ಅವಳ ಕೈಗೆ ಸಿಕ್ಕರೆ ಕಣ್ಣು ಮೂಗು ಪಡೆದು ಆಟಿಕೆ ಅಂಗಡಿ ಸೇರುತ್ತಿದ್ದವು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ನಡುಮನೆಯಲ್ಲೇ ಹರಡಿಕೊಂಡು ಕೂರುತ್ತಿದ್ದಳು. ಆದರೆ ಈಚೆಗೆ ಅತ್ತೆ ಹತ್ತಿರ ಬಂದರೆ ಸಾಕು, ಬುಟ್ಟಿಯ ಮೇಲೆ ಟವೆಲ್ಲು ಬೀಳುತ್ತಿತ್ತು. ತಲೆ ಬಾಚಿ ಅತ್ತೆ ಕಿಟಕಿಯಲ್ಲಿ ಸುತ್ತಿಡುತ್ತಿದ್ದ ಉದುರುಕೂದಲು ತಿರುಗಿ ನೋಡುವಷ್ಟರಲ್ಲಿ ಮಾಯವಾಗುತ್ತಿತ್ತು. ಅತ್ತೆಯ ಬಾಯಿಂದ ಈ ಮಾತು ಕೇಳಿ ಬೀದಿಯ ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿದ ಕೈಯಲ್ಲೇ ನಿಲ್ಲಿಸಿದ್ದಳು.

"ಕೂದಲು ಅಂದ್ರೆ ಸುಮ್ನೆ ಅಲ್ಲ ಕಣಮ್ಮಾ. ನಿಮ್ಮ ಬಟ್ಟೆ ಏನಾದ್ರೂ ಕಾಣೆಯಾಗಿದ್ಯಾ?"

"ಹಳೇ ಶಾಲು ಒಂದು ಸಿಗ್ತಿಲ್ಲ."

"ಮಂಡಿನೋವು ಹೆಚ್ಚಾಗಿದ್ದು ಯಾವಾಗ?"

"ಅದೂ ಈಚೆಗೇ."

"ನಾನೇನೂ ಹೇಳ್ಲಿಲ್ಲಪ್ಪ," ಎಂದು ಇಸ್ತ್ರಿಯವಳು ಕಾಲರಿನ ಮೇಲೆ ಪೆಟ್ಟಿಗೆ ಒತ್ತಿದಳು. ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿತ್ತು.

ಅಂದಿನಿಂದ ಸೊಸೆ ಬಡಿಸಿದ ತಟ್ಟೆಯ ಮುಂದೆ ಅತ್ತೆ ಅನ್ನ ಕೆದಕುತ್ತ ಕೂರುತ್ತಿದ್ದಳು. ಇಷ್ಟು ವರ್ಷ ಅಮೃತದ ಹಾಗಿದ್ದ ಕೈಯೂಟವನ್ನು ಈಗ ಮೂಸಿ ನೋಡಿ ಅರ್ಧ ಬಿಟ್ಟು ಏಳುತ್ತಿದ್ದಳು. ಬುಟ್ಟಿಯಲ್ಲಿ ಏನಾದರೂ ಸಿಕ್ಕರೆ ಸಂಜೆ ಮಗ ಬಂದ ಕೂಡಲೇ ಹೇಳಿಬಿಡುವುದು, ಈ ಮನೆಯಲ್ಲಿ ಅವಳಿರಬೇಕು, ಇಲ್ಲ ನಾನಿರಬೇಕು ಎಂದು ನಿಶ್ಚಯಿಸಿಯೇ ಅತ್ತೆ ಟವೆಲ್ಲು ಎತ್ತಿದಳು. ಒಳಗೆ ಅತ್ತೆಯೇ ಇದ್ದಳು. ಗೇಣುದ್ದದ ಅವಳು. ಮೈಗೆ ಅವಳದೇ ಶಾಲು, ತಲೆಗೆ ಅವಳದೇ ಬಿಳಿ ಕೂದಲು. ಎದೆಗೆ ಒಂದು ಗುಂಡುಸೂಜಿ, ಹೊಟ್ಟೆಗೆ ಒಂದು. ಇನ್ನೊಂದು ಉದ್ದನೆಯದು ನೇರವಾಗಿ ಎಡಮಂಡಿಗೆ.

ಅತ್ತೆ ಬೊಂಬೆಯನ್ನು ಎಳೆದುಕೊಂಡು ನೆಲದ ಮೇಲೆ ಕೂತಳು. ಬಾಯಲ್ಲಿ ದೇವರ ಹೆಸರು, ಕೈಯಲ್ಲಿ ಕತ್ತರಿ. ಸೂಜಿಗಳನ್ನು ಕಿತ್ತೆಸೆದಳು. ಕೂದಲನ್ನು ಬುಡಸಮೇತ ಕಿತ್ತು, ಒಲೆಗೆ ಹಾಕಬೇಕೆಂದು ಮುಷ್ಟಿಯಲ್ಲಿ ಬಿಗಿಹಿಡಿದಳು. ಹೊಟ್ಟೆಯ ಹೊಲಿಗೆ ಕತ್ತರಿಸಿ ತಾಯಿತವೋ ತಗಡೋ ಸಿಕ್ಕೀತೆಂದು ಬೆರಳು ತೂರಿಸಿದಳು. ಹಳೆಯ ದಿಂಬಿನ ಹತ್ತಿ ಬಂತು. ಕಾಲುಚೀಲದ ಚೂರು ಬಂತು. ಮತ್ತೂ ಹತ್ತಿಯೇ ಬಂತು.

"ಹೊಟ್ಟೆ ಬಗೆದು ನೋಡಿದ್ರಲ್ಲ ಅತ್ತೆ, ಏನು ಸಿಕ್ತು?"

ಸೊಸೆ ಬಾಗಿಲಲ್ಲಿ ನಿಂತಿದ್ದಳು, ತಲೆಯ ಮೇಲೆಲ್ಲ ಮಂಜಿನ ಹನಿ.

"ನಂಗೆ ಮಾಟ ಮಾಡಿಸ್ತಿದೀಯಾ?"

ಸೊಸೆ ಚೀಲ ಕೆಳಗಿಟ್ಟಳು. ನಗಬೇಕೋ ಅಳಬೇಕೋ ಅವಳಿಗೂ ತಿಳಿದಂತೆ ಕಾಣಲಿಲ್ಲ. "ನಿಮಗೆ ಏನಾದ್ರೂ ಮಾಡ್ಬೇಕು ಅಂತಿದ್ರೆ ಅಡುಗೆಮನೆ ಸಾಕಾಗ್ತಿತ್ತು. ಇಷ್ಟೊಂದು ಹೊಲಿಗೆ ಯಾರು ಹಾಕ್ತಾರೆ?"

"ಹಾರಿಕೆ ಮಾತು ಬೇಡ. ಮಂಡಿಗೆ ಯಾಕೆ ಚುಚ್ಚಿದೆ?"

"ಎರಡೂ ಕಾಲು ಮಡಿಸಿ ಕೂರಿಸಿದ್ರೆ ಅದು ನೀವು ಆಗಲ್ಲ. ನೀವು ಕೂರೋದೇ ಎಡಗಾಲು ಚಾಚಿ. ಹೊಲಿದು ಮುಗಿಸೋವರೆಗೂ ಕಾಲು ಬಾಗದೆ ನಿಲ್ಲಲಿ ಅಂತ ಸೂಜಿ. ಮಿಕ್ಕಿದ್ದು ಶಾಲು ಜಾರಬಾರದು ಅಂತ."

ಅತ್ತೆ ತನ್ನ ಕಾಲನ್ನು ನೋಡಿಕೊಂಡಳು. ಅದು ಚಾಚಿಕೊಂಡೇ ಇತ್ತು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಎದ್ದು ಹೋಗುವ ನೆಂಟನಲ್ಲ.

"ನಾನಿನ್ನೂ ಬದುಕಿದೀನಿ. ನನ್ನ ಹಾಗಿರೋ ಬೊಂಬೆ ಯಾರಿಗೆ ಬೇಕು? ಮುಚ್ಚಿಟ್ಟು ಮುಚ್ಚಿಟ್ಟು ಮಾಡೋಂಥದ್ದೇನು?"

ಸೊಸೆ ಚದುರಿದ ಹತ್ತಿಯನ್ನು ಆರಿಸತೊಡಗಿದಳು.

"ಅವಳಿಗೆ," ಎಂದಳು ಕಡೆಗೆ.

ಆ ಮನೆಯಲ್ಲಿ ಹೆಸರಿಲ್ಲದೆ 'ಅವಳು' ಎಂದರೆ ಒಬ್ಬಳೇ: ತನಗೆ ಬೇಕಾದವನ ಜೊತೆ ಮನೆಬಿಟ್ಟು ಹೋದ ಮಗಳು. ಅವಳ ಸುದ್ದಿ ಯಾರೂ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದ್ದು ಅತ್ತೆಯೇ.

"ನಂಗೆ ಯಾವ ಮಗಳೂ..." ಎಂದು ಶುರುವಾದ ಮಾತು ಅಲ್ಲಿಗೇ ನಿಂತಿತು.

"ಹೆರಿಗೆಗೆ ದಿನ ಹತ್ತಿರವಂತೆ," ಎಂದಳು ಸೊಸೆ ತಲೆಯೆತ್ತದೆ. "ಗುಟ್ಟಾಗಿ ಫೋನ್ ಮಾಡಿದ್ದಳು. ಅಮ್ಮ ಬರಲ್ಲ ಅಂತ ಗೊತ್ತು ಅತ್ತಿಗೆ, ಕರೆಯೋಕ್ಕೂ ಹೆದರಿಕೆ ಅಂದಳು. ಅಮ್ಮನ ಹಾಗೆ ಒಂದು ಬೊಂಬೆ ಮಾಡಿಕೊಡು, ನೋವು ಬಂದಾಗ ಪಕ್ಕದಲ್ಲಿ ಇಟ್ಕೋತೀನಿ ಅಂದಳು. ಅಮ್ಮನ ತಲೆ ವಾಸನೆ ಬರಬೇಕು ಅಂದಳು. ಅದಕ್ಕೇ ಕೂದಲು."

ಹೊರಗೆ ಮಂಜಿನಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ದಾರಿ ಕೇಳಿಕೊಂಡು ಹೋದರು. ಅತ್ತೆ ಬೋಳುತಲೆಯ ಬೊಂಬೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಸೀಳಿದ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ನೆತ್ತಿಯ ಹೊಲಿಗೆಯನ್ನು ಬಹಳ ಹೊತ್ತು ನೋಡಿದಳು.

"ನಡುಬೈತಲೆ ತೆಗೆದಿದ್ದೀಯ," ಎಂದಳು. "ನಂದು ಎಡಕ್ಕೆ. ಹಾಲು ಕುಡೀತಾ ಅದರ ಮೇಲೇ ಬೆರಳು ಆಡಿಸ್ತಾ ಮಲಗ್ತಿದ್ದಳು. ತಪ್ಪಿದ್ರೆ ಅವಳಿಗೆ ಗೊತ್ತಾಗಿಬಿಡತ್ತೆ."

ಆಮೇಲೆ ಅಷ್ಟು ಹೊತ್ತೂ ಬಿಗಿದಿದ್ದ ಮುಷ್ಟಿಯನ್ನು ಬಿಚ್ಚಿ, ಬೆವರಿಗೆ ಅಂಟಿಕೊಂಡಿದ್ದ ಬಿಳಿ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ, ಸೊಸೆಯ ಅಂಗೈಯಲ್ಲಿಟ್ಟಳು.